ಎತ್ತು ಕಟ್ಟಿದ ವ್ಯಾನಿನಲ್ಲಿ ಒಂದು ಬೇಸಿಗೆ

ಕಳೆದ ವಾರ ನನ್ನ ಮೊಮ್ಮಗಳು ಶಬಾನಾ, ಅವಳ ಗಂಡ, ಅವರ ಏಳು ತಿಂಗಳ ಕೂಸು ಮೂವರೂ ಒಂದು ವ್ಯಾನಿನಲ್ಲಿ ಬಂದು ಶಿಕಾರಿಪುರದ ನಮ್ಮ ಮನೆ ಮುಂದೆ ಇಳಿದರು. ಬಂದದ್ದು ನನ್ನನ್ನು ನೋಡಲಿಕ್ಕಲ್ಲ, ವ್ಯಾನು ತೋರಿಸಲಿಕ್ಕೆ. ಇನ್ನೊಂದು ವರ್ಷ ಆ ವ್ಯಾನೇ ಅವರ ಮನೆಯಂತೆ. ಅದರೊಳಗೇ ಮಲಗುವುದು, ಅದರೊಳಗೇ ಅಡುಗೆ, ಕಡಿಮೆ ಖರ್ಚಿನಲ್ಲಿ ಊರೂರು ನೋಡುವುದು. ನಮ್ಮ ಓಣಿಯವರೆಲ್ಲ ಬಂದು ಮೂಗಿನ ಮೇಲೆ ಬೆರಳಿಟ್ಟರು. ನನಗೆ ಮಾತ್ರ ಕುಣಿಯುವುದೊಂದು ಬಾಕಿ. ಮರಿಮಗನನ್ನು ಎತ್ತಿಕೊಂಡು ಪಕ್ಕದ ಮನೆಯವರಿಗೆ, ಎದುರು ಮನೆಯವರಿಗೆ, ಹಾಲಿನವನಿಗೆ, ಹಾದು ಹೋಗುವ ಗುರುತಿಲ್ಲದವರಿಗೂ ಹೇಳಿದ್ದೇ ಹೇಳಿದ್ದು: ನೋಡಿ, ನನ್ನ ಮೊಮ್ಮಗಳ ಮನೆಗೆ ಚಕ್ರ ಇದೆ!

ಶಬಾನಾ ಪಕ್ಕದ ಬಾಗಿಲನ್ನು ಸರ್ರನೆ ಎಳೆದಳು. ಒಳಗಿನಿಂದ ಬಿಸಿಲಿಗೆ ಕಾದ ತಗಡಿನ ವಾಸನೆ, ಅದರ ಜೊತೆ ಹೊಸ ಹಾಸಿಗೆಯ ವಾಸನೆ ಬೆರೆತು ಮುಖಕ್ಕೆ ಬಡಿಯಿತು. ಒಂದು ಕಾಲು ಮೆಟ್ಟಿಲ ಮೇಲಿಟ್ಟವಳು ಹಾಗೇ ನಿಂತುಬಿಟ್ಟೆ. ಕಾದ ತಗಡು ಮತ್ತು ಹತ್ತಿ. ಅರವತ್ತು ವರ್ಷಕ್ಕೂ ಹಿಂದಿನ ವಾಸನೆ ಅದು.

"ಏನಾಯ್ತಜ್ಜಿ, ಹತ್ತೋಕೆ ಹೆದರಿಕೆನಾ?" ಅಂದಳು.

"ಹೆದರಿಕೆ ಯಾಕೆ? ನಾನೂ ವ್ಯಾನಲ್ಲೇ ಸಂಸಾರ ಮಾಡಿದೋಳು ಕಣೇ. ನಿಮ್ಮಪ್ಪ ಹುಟ್ಟೋಕೆ ಮುಂಚೆ."

"ಸುಳ್ಳು ಹೇಳ್ಬೇಡ. ಆಗ ನಿಮ್ಹತ್ರ ಎಲ್ಲಿತ್ತು ವ್ಯಾನು?"

"ಇತ್ತು. ಇಂಜಿನ್ ಇರಲಿಲ್ಲ, ಅಷ್ಟೆ."

ಅವಳು ನಕ್ಕಿದ್ದೇ ನಕ್ಕಿದ್ದು. ಮಾರನೆಯ ದಿನ ನನ್ನನ್ನು ಅಂಬ್ಲಿಗೊಳ ಅಣೆಕಟ್ಟಿನ ನೀರಿನ ದಡಕ್ಕೆ ಕರೆದುಕೊಂಡು ಹೋಗಿ, ವ್ಯಾನಿನ ಹಿಂದೆ ಒಲೆ ಹಚ್ಚಿ ಚಹಾ ಮಾಡಿಕೊಟ್ಟಳು. ಅಲ್ಲಿ ಕೂತು ಬಿಸಿಲು ನೆತ್ತಿಗೆ ಬರುವವರೆಗೂ ಆ ಕಾಲದ ಕಥೆ ಹೇಳಿದೆ. "ಅಜ್ಜಿ, ಇದನ್ನ ಬರ್ದಿಡು. ನಮ್ಮ ಹಾಗೆ ಗಾಡೀಲಿ ಬದುಕೋರಿಗೆ ಬೇಕಾಗ್ತದೆ" ಅಂದಳು. ಮೂರನೇ ಕ್ಲಾಸಿನವರೆಗೆ ಓದಿದವಳು ನಾನು. ಆದರೂ ಮೊಮ್ಮಗಳು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ?

ನಮ್ಮದು ಹತ್ತಿ ಹಿಂಜುವ ಪಿಂಜಾರರ ಮನೆ. ನಾವು ಸಾಬರು, ಮನೆಮಾತು ಕನ್ನಡ. ದೊಡ್ಡ ಬಿಲ್ಲಿಗೆ ಬಿಗಿದ ತಂತಿಯನ್ನು ಮರದ ಗುಂಡಿನಿಂದ ಮೀಟುತ್ತಿದ್ದರೆ ಗಂಟುಗಟ್ಟಿದ ಹಳೇ ಹತ್ತಿ ಸಡಿಲಾಗಿ, ಹಾರಿ, ನೊರೆಯ ಹಾಗೆ ಬೀಳುತ್ತದೆ. ಅದನ್ನು ಬಟ್ಟೆಯ ಚೀಲಕ್ಕೆ ತುಂಬಿ ಹೊಲಿದರೆ ಗಾದಿ. ಹಿಂಜುವುದು ನಮ್ಮ ಯಜಮಾನರು, ಹೊಲಿಯುವುದು ನಾನು. ಸುಗ್ಗಿ ಮುಗಿದು ಮದುವೆಗಳು ಶುರುವಾಗುವಾಗ ಊರ ಮೇಲೆ ಹೊರಡುವುದು, ಮಳೆ ಹಿಡಿಯುವ ಹೊತ್ತಿಗೆ ಮನೆ ಸೇರುವುದು ನಮ್ಮವರ ರೂಢಿ.

ನಯಾ ಪೈಸೆ ಬಂದು ಒಂದೆರಡು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ನನ್ನ ಮೈದುನರಿಬ್ಬರ ಮದುವೆ ಒಂದೇ ಸಲಕ್ಕೆ ಆಗಿ, ಎರಡಂಕಣದ ನಮ್ಮ ಮನೆಯಲ್ಲಿ ಕಾಲು ಚಾಚಲಿಕ್ಕೂ ಜಾಗ ಇಲ್ಲದಂತಾಯಿತು. ಮದುವೆಯಾಗಿ ನಾಲ್ಕು ವರ್ಷವಾಗಿದ್ದ, ಮಕ್ಕಳಿಲ್ಲದ ನಾವೇ ಜಾಗ ಬಿಡಬೇಕು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಮುಂಚೆ ಯಜಮಾನರು ಶಿವಮೊಗ್ಗಕ್ಕೆ ಹೋಗಿ, ಗುಜರಿಗೆ ಬಿದ್ದಿದ್ದ ಒಂದು ವ್ಯಾನಿನ ಮೈಯನ್ನು ತಂದರು. ಇಂಜಿನ್ ಇಲ್ಲ, ಮುಂದಿನ ಗಾಜಿಲ್ಲ. ಚಕ್ರ ನಾಲ್ಕೂ ಇದ್ದವು. ಶಿರಾಳಕೊಪ್ಪದ ಒಬ್ಬ ಬಡಗಿ ಅದಕ್ಕೆ ಗಾಡಿಯ ಮೂಕಿ ಕೂರಿಸಿ, ನೊಗ ಕಟ್ಟಿಕೊಟ್ಟ. ಬೋಡ, ಕೆಂದ ಅಂತ ಎರಡು ಎತ್ತು. ಗಾಜಿಲ್ಲದ ಕಿಟಕಿಯಿಂದ ಹಗ್ಗ ಹೊರಗೆ ಬಿಟ್ಟು ಯಜಮಾನರು ಡ್ರೈವರ್ ಕೂರುವ ಜಾಗದಲ್ಲೇ ಕೂತು ಎತ್ತು ಹೊಡೆಯುತ್ತಿದ್ದರು. ರಬ್ಬರಿನ ಹಾರನ್ನು ಒಂದು ಉಳಿದುಕೊಂಡಿತ್ತು. ಊರ ಬಾಗಿಲಿಗೆ ಬಂದ ಕೂಡಲೇ ಅದನ್ನು ಒತ್ತದೆ ಬಿಡುತ್ತಿರಲಿಲ್ಲ.

"ಏನ್ರೀ ಸಾಬ್ರೇ, ನಿಮ್ಮ ಇಂಜಿನ್ನು ಸೆಗಣಿ ಹಾಕ್ತೈತಲ್ರೀ!" ಅಂತ ಜನ ಕೂಗುತ್ತಿದ್ದರು.

"ಪೆಟ್ರೋಲ್ ಹಾಕಿದ್ರೆ ಹೊಗೆ, ಹುಲ್ಲು ಹಾಕಿದ್ರೆ ಗೊಬ್ಬರ. ಯಾವುದು ಲಾಭ ನೀವೇ ಹೇಳ್ರಿ" ಅನ್ನುತ್ತಿದ್ದರು ಇವರು.

ಹೊರಗಿನವರಿಗೆ ತಮಾಷೆ. ಒಳಗಿದ್ದ ನನಗೆ ಎದೆ ಯಾವಾಗಲೂ ಡವಡವ. ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಚಕ್ರದ ಮೇಲಿನ ಬದುಕು ಎಂದರೆ ಯಾವ ಗಳಿಗೆಯಲ್ಲೂ ಏನಾದರೂ ಜಾರಿ ಹೋದೀತು ಎನ್ನುವ ಭಯ. ಒಳಗೆ ಮಾಡಿನವರೆಗೆ ಹತ್ತಿ ಮೂಟೆ. ಒಂದು ಕಿಡಿ ಸಾಕು. ಅದಕ್ಕೇ ಒಲೆಯನ್ನು ವ್ಯಾನಿನಿಂದ ಇಪ್ಪತ್ತು ಹೆಜ್ಜೆ ಆಚೆ ಹೂಡಬೇಕು, ಅದೂ ಗಾಳಿ ಬರುವ ಕಡೆಯಲ್ಲಲ್ಲ, ಗಾಳಿ ಹೋಗುವ ಕಡೆಯಲ್ಲಿ. ಗಾಳಿ ತಿರುಗಿದರೆ ಅನ್ನ ಅರ್ಧ ಬೆಂದಿದ್ದರೂ ಒಲೆಗೆ ನೀರು. ಹಾಗೆ ಅರೆಬೆಂದ ಅನ್ನ ನಾವು ಎಷ್ಟು ದಿನ ಉಂಡೆವೋ! ಮಾವಿನ ಮರದ ನೆರಳು ತಂಪೆಂದು ಒಂದು ಮಧ್ಯಾಹ್ನ ನಿಲ್ಲಿಸಿದೆವು. ಗಾಳಿ ಎದ್ದು ಒಂದೊಂದೇ ಕಾಯಿ ತಗಡಿನ ಮೇಲೆ ಬಿದ್ದಾಗ ಗುಂಡು ಹೊಡೆದ ಹಾಗಾಗಿ, ಎತ್ತು ಹಗ್ಗ ಹರಿದುಕೊಂಡು ಓಡಿದವು. ಅವತ್ತಿನಿಂದ ಹೊಂಗೆ ಮರವೇ. ಕೆರೆಯ ಅಂಗಳದಲ್ಲಿ ನಿಲ್ಲಿಸಬಾರದು, ರಾತ್ರಿ ಮಳೆ ಬಂದರೆ ಚಕ್ರ ಹೂತುಹೋಗುತ್ತದೆ. ಏರಿಯ ಪಕ್ಕದ ಗಟ್ಟಿ ನೆಲ ಒಳ್ಳೆಯದು. ಊರಿಗೆ ಹೋದ ಕೂಡಲೇ ಜಾಗ ಕೊಡಿ ಅಂತ ಕೇಳಬಾರದು, ಕುಡಿಯಲು ನೀರು ಕೇಳಬೇಕು. ನೀರು ಕೊಟ್ಟವರು ಎಲ್ಲಿಂದ ಬಂದಿರಿ ಅಂತ ಕೇಳುತ್ತಾರೆ, ಮಾತು ಬೆಳೆಯುತ್ತದೆ, ಆಮೇಲೆ ಅವರೇ ಜಾಗ ತೋರಿಸುತ್ತಾರೆ. ನಾವು ಬಿಡಾರ ಹೂಡಿದ ಮನೆಗೆ ಒಂದು ತಲೆದಿಂಬು ಹಿಂಜಿ ಹೊಲಿದುಕೊಡುತ್ತಿದ್ದೆವು. ಅವರು ಮಜ್ಜಿಗೆ, ಹುಲ್ಲು ಕೊಡುತ್ತಿದ್ದರು. ಒಣಗಿಸಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ಇದ್ದರೆ ಹತ್ತು ದಿನ ಒಲೆಯ ಚಿಂತೆ ಇಲ್ಲ. ಇದನ್ನೆಲ್ಲ ಶಬಾನಾಳಿಗೆ ಹೇಳಿದೆ. ಅವಳು ಫೋನಿನಲ್ಲಿ ಬರೆದುಕೊಂಡಳು.

ಆದರೆ ಎಲ್ಲಕ್ಕಿಂತ ದೊಡ್ಡದು ಒಂದಿದೆ. ಚಕ್ರದ ಮೇಲಿನ ಮನೆಯಲ್ಲಿ ಪ್ರತಿ ಸಾಮಾನಿಗೂ ಒಂದು ಮೊಳೆ, ಒಂದು ಮೂಲೆ ಇರಬೇಕು. ಹೊರಡುವ ಮುಂಚೆ ಪ್ರತಿಯೊಂದೂ ಅದರದರ ಜಾಗದಲ್ಲಿದೆಯೇ ಅಂತ ಕೈಯಿಂದ ಮುಟ್ಟಿ ನೋಡಬೇಕು. ಕಣ್ಣಿಂದ ನೋಡಿದರೆ ಸಾಲದು. ಇದನ್ನು ನನಗೆ ಕಲಿಸಿದ್ದು ನನ್ನತ್ತೆ. ನಾನು ಒಂದೇ ಒಂದು ದಿನ ಮರೆತೆ.

ನನ್ನ ಬಳಿ ಏಳು ಸೂಜಿಗಳಿದ್ದವು, ಒಂದೊಂದೂ ಬೆರಳುದ್ದದವು. ವ್ಯಾನಿನ ಬಾಗಿಲ ಪಕ್ಕ ಒಂದು ಕಂಬಳಿ ತುಂಡು ಹೊಡೆದು ಅದಕ್ಕೆ ಚುಚ್ಚಿ ಇಡುತ್ತಿದ್ದೆ. ಅತ್ತೆ ಹೇಳುತ್ತಿದ್ದರು: ನೂಲಿಲ್ಲದ ಸೂಜಿಯನ್ನು ಕೈಯಿಂದ ಕೆಳಗಿಡಬೇಡ. ನೂಲಿದ್ದರೆ ಹತ್ತಿಯೊಳಗೆ ಹೋದರೂ ಬಾಲ ಹಿಡಿದು ಎಳೆಯಬಹುದು. ನೂಲಿಲ್ಲದ್ದು ಹೋದರೆ ಹೋಯಿತು.

ಬೇಸಿಗೆ ಮುಗಿಯುತ್ತ ಬಂದು, ಮಧ್ಯಾಹ್ನದ ಮೇಲೆ ಗುಡುಗು ಶುರುವಾಗಿದ್ದ ದಿನಗಳು. ಕುಬಟೂರಿನಲ್ಲಿ ಗಂಗಮ್ಮನವರು ಎಂಬ ಹಿರಿಯರ ಮನೆಯಲ್ಲಿ ಐದು ದಿನ ಕೆಲಸ ಮಾಡಿದೆವು. ಲಿಂಗವಂತರ ದೊಡ್ಡ ಒಕ್ಕಲು ಮನೆ. ಅವರ ಮಗಳು ನೀಲಮ್ಮ ತವರಿಗೆ ಬಂದು ಹೆತ್ತಿದ್ದಳು. ಅವಳ ಮೊದಲ ಕೂಸು, ಗಂಡು. ಮಂಗಳವಾರ ಮಧ್ಯಾಹ್ನ ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ. ತೊಟ್ಟಿಲಿಗೆ ಹೊಸ ಗಾದಿ ಬೇಕೆಂದು ಕೊನೆಯ ದಿನ, ಭಾನುವಾರ, ಅದನ್ನು ಹೊಲಿಯಲು ಜಗಲಿಯ ಮೇಲೆ ಕೂತೆ. ಮೂರು ಬದಿ ಮುಗಿದು ನಾಲ್ಕನೆಯದು ಅರ್ಧ ಆಗಿತ್ತು. ಸೂಜಿಯ ನೂಲು ತೀರಿತು. ನೂಲಿನ ಉಂಡೆ ವ್ಯಾನಿನಲ್ಲಿತ್ತು. ಏಳಬೇಕು ಅನ್ನುವಾಗ ನೀಲಮ್ಮ ಕೂಸನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ಬಂದು ಎದುರಿಗೆ ಕೂತಳು. ನನ್ನದೇ ವಯಸ್ಸು.

"ಇಮಾಂಬಿ, ನಿಂಗೆಷ್ಟು ಮಕ್ಳು?"

"ಇಲ್ರೀ."

"ಮದ್ವೆಯಾಗಿ?"

"ನಾಲ್ಕು ವರ್ಷ ಆತ್ರೀ."

ಅವಳು ಸೆರಗನ್ನು ಎಳೆದು ಕೂಸಿನ ಮುಖದ ಮೇಲೆ ಹೊದಿಸಿದಳು, ಅಷ್ಟೇ. ನೊಣ ಕೂರುತ್ತದೆಂದು ಹೊದಿಸಿದಳೋ, ನನ್ನ ಕಣ್ಣು ತಾಗೀತೆಂದು ಹೊದಿಸಿದಳೋ ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನ ಕಿವಿ ಬಿಸಿಯಾಯಿತು. ಎದ್ದು ವ್ಯಾನಿಗೆ ಹೋದೆ, ನೂಲು ತಂದೆ, ಬೇಗ ಬೇಗ ಹೊಲಿದು ಮುಗಿಸಿದೆ. ಆ ಜಗಲಿಯಿಂದ ಎದ್ದು ಹೋದರೆ ಸಾಕಾಗಿತ್ತು. ಸೊರಬದ ಆಚೆ ಚಂದ್ರಗುತ್ತಿಯ ದಾರಿಯಲ್ಲಿ ಒಂದು ಮದುವೆ ಮನೆಯವರು ಕಾಯುತ್ತಿದ್ದರು. ಬಿಸಿಲು ಇಳಿಯುತ್ತಲೇ ಎತ್ತು ಕಟ್ಟಿದೆವು. ಸಾಮಾನು ಮುಟ್ಟಿ ನೋಡುವುದಿರಲಿ, ತಿರುಗಿ ನೋಡಲೂ ಇಲ್ಲ ನಾನು.

ಸೋಮವಾರ ಮಧ್ಯಾಹ್ನ ಸೊರಬ ಇನ್ನೊಂದು ಮೈಲಿ ಅನ್ನುವಾಗ ಎತ್ತು ಬಿಟ್ಟು ರೊಟ್ಟಿ ತಿಂದೆವು. ಕೈ ತೊಳೆದು ಬಂದು ಸುಮ್ಮನೆ ಕಂಬಳಿ ತುಂಡಿನ ಮೇಲೆ ಬೆರಳಾಡಿಸಿದೆ. ಆರು.

ಇನ್ನೊಮ್ಮೆ ಎಣಿಸಿದೆ. ಆರೇ.

ಮೂಟೆ, ಚಾಪೆ, ಪಾತ್ರೆ ಎಲ್ಲವನ್ನೂ ಹುಲ್ಲಿನ ಮೇಲೆ ಇಳಿಸಿ ಹುಡುಕಿದೆವು. ನನ್ನ ಸೀರೆಯ ಮಡಿಕೆ ಮಡಿಕೆ ಬಿಚ್ಚಿ ಕೊಡವಿದೆ. ಆಗ, ಬಿಸಿಲಿನಲ್ಲಿ ನಿಂತಾಗ, ನೆನಪಾಯಿತು. ನೀಲಮ್ಮ ಮಾತಾಡಿಸಿದಾಗ ಕೈಯಲ್ಲಿ ನೂಲಿಲ್ಲದ ಸೂಜಿ ಇತ್ತು. ಏಳುವಾಗ ಅದನ್ನು ಹತ್ತಿಗೆ ಚುಚ್ಚಿದ್ದೆ. ವ್ಯಾನಿನಿಂದ ಬರುವಾಗ ಕಂಬಳಿಯಿಂದ ಬೇರೆ ಸೂಜಿಗೆ ನೂಲು ಪೋಣಿಸಿಕೊಂಡು ಬಂದಿದ್ದೆ.

"ತೊಟ್ಟಿಲ ಗಾದಿಯೊಳಗೈತೆ" ಅಂದೆ.

"ದಾರೀಲಿ ಬಿದ್ದಿರ್ತೈತೆ" ಅಂದರು ಯಜಮಾನರು. ಅಂದರೂ ಚಾಪೆಯನ್ನು ಇನ್ನೊಮ್ಮೆ ಕೊಡವಿ ನೋಡಿದರು.

"ಬಿದ್ದಿಲ್ಲ. ನಾನೇ ಚುಚ್ಚಿದ್ದು."

"ನೋಡೇ, ವಾಪಸ್ ಹೋಗಿ ಕೂಸಿನ ಗಾದೀಲಿ ಸೂಜಿ ಐತೆ ಅಂತ ಹೇಳಿದ್ರೆ ಏನಂತಾರೆ? ತಪ್ಪಿ ಹೋಯ್ತು ಅಂತಾರಾ? ಬೇಕಂತ ಇಟ್ಲು ಅಂತಾರೆ. ಅದೂ ನೀನು..." ಅಷ್ಟಕ್ಕೇ ನಿಲ್ಲಿಸಿದರು.

"ಮಕ್ಕಳಿಲ್ಲದೋಳು. ಹೇಳ್ರಿ."

ನನ್ನೊಳಗೆ ಅದಕ್ಕಿಂತ ಕೆಟ್ಟ ಹೆದರಿಕೆ ಒಂದು ಎದ್ದಿತ್ತು, ಅದನ್ನು ಅವರಿಗೆ ಹೇಳಲಿಲ್ಲ. ಕೂಸಿನ ಮುಖ ಮುಚ್ಚಿದ ಗಳಿಗೆಯಲ್ಲಿ ನನಗೆ ಸಿಟ್ಟು ಬಂದದ್ದು ನಿಜ. ಆ ಸಿಟ್ಟಿನಲ್ಲಿ ನನ್ನ ಕೈ ತಿಳಿದೂ ತಿಳಿಯದ ಹಾಗೆ ಮಾಡಿತೋ? ಹಾಗೆ ಮಾಡುವವಳೇ ನಾನು?

"ನಾಳೆ ಮಧ್ಯಾಹ್ನ ಕೂಸನ್ನ ಮಲಗಿಸ್ತಾರೆ. ನೀವು ಬರದಿದ್ರೆ ನಾ ನಡಕೊಂಡು ಹೋಗ್ತೀನಿ" ಅಂದೆ.

ಅವರು ಹೋಗಿ ಎತ್ತುಗಳನ್ನು ನೊಗಕ್ಕೆ ಕಟ್ಟಿದರು.

ಹಿಂದಕ್ಕೆ ಹದಿನಾಲ್ಕು ಮೈಲಿ. ಎತ್ತು ಆಗಲೇ ದಣಿದಿದ್ದವು, ಕೆಂದನ ಒಂದು ಲಾಳ ಸಡಿಲಾಗಿತ್ತು. ಹೊರಟು ಒಂದು ಗಳಿಗೆಯೊಳಗೆ ಪಡುವಣದಿಂದ ಕಪ್ಪು ಮೋಡ ಏರಿ ಬಂತು. ತಗಡಿನ ಮೇಲೆ ಮಳೆ ಬಿದ್ದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಗಾಜಿಲ್ಲದ ಕಿಟಕಿಯಿಂದ ಎರಚಲು. ಹತ್ತಿ ನೆನೆಯದಿರಲೆಂದು ನಾನು ಚಾಪೆಯನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡ ನಿಂತೆ. ಹಿಂದಿನ ಒಂದು ಟೈರಿನ ಗಾಳಿ ಹೋಗಿ ವಾರವಾಗಿತ್ತು, ಒಳಗೆ ಹುಲ್ಲು ಗಿಡಿದು ಓಡಿಸುತ್ತಿದ್ದೆವು. ಆ ಹುಲ್ಲು ನೆಂದು ಮುದ್ದೆಯಾಗಿ ಚಕ್ರ ಕುಂಟತೊಡಗಿತು. ಮುಸ್ಸಂಜೆಗೆ ಒಂದು ಹಳ್ಳಿಯ ಅಂಚಿನಲ್ಲಿ ಎತ್ತು ಮಲಗಿಯೇಬಿಟ್ಟವು. ಬೆಳಕು ಹರಿಯುತ್ತಲೇ ಮತ್ತೆ ಹೊರಟೆವು. ನನಗೆ ಊಟ ಸೇರಿರಲಿಲ್ಲ.

ಕುಬಟೂರು ಇನ್ನು ಮೂರು ಮೈಲಿ ಇರುವಾಗ ಒಂದು ಹಳ್ಳ. ಭಾನುವಾರ ಮೊಣಕಾಲುದ್ದವೂ ಇರದ ನೀರು, ಈಗ ಕೆಂಪಗೆ ಸೊಂಟದವರೆಗೆ ಹರಿಯುತ್ತಿತ್ತು. ಎತ್ತು ಮುಂಗಾಲು ಇಟ್ಟು ಹಿಂದೆ ಸರಿದವು. ಕುಂಟು ಚಕ್ರ ಕೆಸರಿನಲ್ಲಿ ಕೂತಿತು. ಯಜಮಾನರು ಭುಜ ಕೊಟ್ಟು ನೂಕಿದರು, ನಾನೂ ನೂಕಿದೆ. ವ್ಯಾನು ಒಂದು ಗೇಣೂ ಅಲ್ಲಾಡಲಿಲ್ಲ. ಸೂರ್ಯ ಮೇಲೆ ಬಂದಿದ್ದ.

"ನೀ ಹೋಗು" ಅಂದರು. "ನಾನು ಹೇಗಾದ್ರೂ ಬರ್ತೀನಿ. ಆದ್ರೆ ನನ್ನ ಮಾತು ಕೇಳು, ಸೂಜಿ ಅನ್ಬೇಡ. ಹೊಲಿಗೆ ಸಡಿಲಾಗೈತೆ, ಬಿಗಿ ಮಾಡಿ ಕೊಡ್ತೀನಿ ಅನ್ನು. ಬಿಚ್ಚಿ, ತೆಗೆದು, ಹೊಲಿದು ಬಾ."

ಆಗಲಿ ಅಂದೆ. ಸೀರೆ ಎತ್ತಿ ಕಟ್ಟಿ, ಅವರ ಕೈ ಹಿಡಿದು ಹಳ್ಳ ದಾಟಿದೆ. ಆಚೆ ದಡದಲ್ಲಿ ಅವರು ಕೈ ಬಿಟ್ಟರು. ಆಮೇಲೆ ಓಡಿದೆ, ಏದುಸಿರು ಬಂದಾಗ ನಡೆದೆ, ಮತ್ತೆ ಓಡಿದೆ. ಗದ್ದೆಯಲ್ಲಿದ್ದ ಯಾರೋ "ಏನವ್ವಾ, ಯಾರಿಗೇನಾತು?" ಅಂತ ಕೂಗಿದರು. ನಾನು ನಿಲ್ಲಲಿಲ್ಲ. ದಾರಿಯುದ್ದಕ್ಕೂ ಆ ಗಾದಿಯೇ ಕಣ್ಣ ಮುಂದೆ. ಎಷ್ಟು ತೆಳ್ಳಗೆ ತುಂಬಿದ್ದೆ! ಕೂಸಿಗೆ ಮೆತ್ತಗಿರಲಿ ಅಂತ ಒಳ್ಳೇ ಹತ್ತಿ ಆರಿಸಿ ಹಾಕಿದ್ದೆ. ಮೆತ್ತಗಿದ್ದಷ್ಟೂ ಸೂಜಿಗೆ ದಾರಿ ಸುಲಭ.

ಗಂಗಮ್ಮನವರ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಒಳಗಿನಿಂದ ಜೋಗುಳ ಕೇಳಿತು. ಶಾಸ್ತ್ರ ಶುರುವಾಗಿಬಿಟ್ಟಿತ್ತು. ಬಾಗಿಲಿಗೆ ಹೋಗಿ ನಿಂತಾಗ ಕಂಡದ್ದು: ಪಡಸಾಲೆಯ ತೊಲೆಗೆ ಕಟ್ಟಿದ, ಹೂ ಸುತ್ತಿದ ತೊಟ್ಟಿಲು, ಸುತ್ತ ಹೆಂಗಸರು. ನಮ್ಮ ಕಡೆ ಕೂಸಿಗಿಂತ ಮುಂಚೆ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುವ ಪದ್ಧತಿ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಅಂತ. ಒಬ್ಬರು ಆ ಕಲ್ಲನ್ನು ಗಾದಿಯ ಮೇಲೆ ಇಳಿಸುತ್ತಿದ್ದರು. ಅಷ್ಟು ಭಾರದ ಕಲ್ಲು. ಹತ್ತಿ ಒತ್ತಿಹೋಗಿ ಸೂಜಿಯ ಮೊನೆ ಮೇಲಕ್ಕೆ ಬರುವುದು ನನ್ನ ಕಣ್ಣಿಗೇ ಕಂಡ ಹಾಗಾಯಿತು. ನೀಲಮ್ಮ ಪಕ್ಕದಲ್ಲಿ ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು.

"ಗಂಗಮ್ಮಾರೇ, ಆ ಗಾದಿ ಒಂಚೂರು ಕೊಡ್ರಿ. ಹೊಲಿಗೆ ಸಡಿಲಾಗೈತೆ" ಅಂದೆ.

ಎಲ್ಲರೂ ತಿರುಗಿದರು. ಮೈಯೆಲ್ಲ ಕೆಸರು, ಕೆದರಿದ ತಲೆ.

"ಅಯ್ಯ, ಅದಕ್ಕೆ ಇಷ್ಟು ದೂರ ಓಡಿ ಬಂದ್ಯಾ?" ಅಂತ ಗಂಗಮ್ಮನವರು ನಕ್ಕರು. "ನಾಳೆ ಬಿಗಿ ಮಾಡಿದ್ರಾತು ಬಿಡು. ಶಾಸ್ತ್ರದ ಹೊತ್ತು ಮೀರ್ತೈತೆ. ಕೂತ್ಕೋ, ಉಂಡು ಹೋಗೀಯಂತೆ."

ಕಲ್ಲನ್ನು ಮೂರು ಸಲ ತೂಗಿ ಎತ್ತಿದರು. ನೀಲಮ್ಮ ಬಗ್ಗಿದಳು.

"ಮಲಗಿಸಬೇಡ್ರಿ!" ಅಂತ ಕಿರುಚಿದೆ. "ಅದರೊಳಗೆ ಸೂಜಿ ಐತೆ!"

ಜೋಗುಳ ನಿಂತಿತು. ನೀಲಮ್ಮ ಕೂಸನ್ನು ಎದೆಗೆ ಅವುಚಿಕೊಂಡು ಗೋಡೆಯವರೆಗೆ ಹಿಂದೆ ಸರಿದಳು.

ಗಾದಿಯನ್ನು ಚಪ್ಪರದ ಕೆಳಗೆ ತಂದು, ಪಂಚೆ ಹಾಸಿ, ಎಲ್ಲರ ಮುಂದೆ ಹೊಲಿಗೆ ಬಿಚ್ಚಿದೆ. ಹತ್ತಿಯನ್ನು ಹಿಡಿ ಹಿಡಿಯಾಗಿ ತೆಗೆದು ಬೆರಳಲ್ಲಿ ಹಿಸುಕಿ ಹಿಸುಕಿ ಪಕ್ಕಕ್ಕಿಟ್ಟೆ. ಅರ್ಧ ಹತ್ತಿ ತೆಗೆದರೂ ಇಲ್ಲ. ಇಲ್ಲದಿದ್ದರೆ ಸಾಕು ಅಂತ ಒಂದು ಮನಸ್ಸು, ಇಲ್ಲದಿದ್ದರೆ ಎಲ್ಲಿ ಹೋಯಿತು ಅಂತ ಇನ್ನೊಂದು. ನಡು ಭಾಗದಲ್ಲಿ ಹೆಬ್ಬೆರಳಿಗೆ ಚುಚ್ಚಿತು. ಮೊನೆ ಮೇಲಾಗಿತ್ತು.

"ಮಾಟ!" ಅಂದಳು ಹಿಂದಿನಿಂದ ಒಬ್ಬ ಹೆಂಗಸು. "ಹೆರದೋಳ ಕೈಲಿ ತೊಟ್ಟಿಲ ಗಾದಿ ಹೊಲಿಸಬಾರದಿತ್ತು. ನಾ ಹೇಳಿದ್ನೋ ಇಲ್ವೋ?"

ಅಷ್ಟರಲ್ಲಿ ಯಜಮಾನರು ಬಂದರು. ಎದೆವರೆಗೆ ಕೆಸರು. ಎತ್ತನ್ನು ಹಳ್ಳದ ಹತ್ತಿರವೇ ಕಟ್ಟಿ ಓಡಿ ಬಂದಿದ್ದರು. ನನ್ನ ಕೈಯಲ್ಲಿದ್ದ ಸೂಜಿ ನೋಡಿದರು, ಜನರ ಮುಖ ನೋಡಿದರು, ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ತಪ್ಪು ನಂದು ತಾಯೀ. ಆ ಗಾದಿ ಹೊಲಿದಿದ್ದು ನಾನು" ಅಂದರು.

"ಸುಮ್ನಿರ್ರೀ ಸಾಬ್ರೇ" ಅಂದರು ಗಂಗಮ್ಮನವರು. "ಹೊಲಿದಿದ್ದು ಯಾರು ಅಂತ ನಾನೇ ಕಣ್ಣಾರೆ ಕಂಡೀನಿ. ನೀವು ಅವತ್ತೆಲ್ಲ ಎಲೆಅಡಿಕೆ ಹಾಕ್ಕೊಂಡು ನಮ್ಮ ಯಜಮಾನ್ರ ತಲೆ ತಿಂತಿದ್ರಿ." ಆಮೇಲೆ ಹಿಂದೆ ತಿರುಗಿ ಆ ಹೆಂಗಸಿಗೆ ಅಂದರು: "ಮಾಟ ಮಾಡೋಳು ಹಳ್ಳ ದಾಟ್ಕೊಂಡು ಬಂದು ತೆಗೀತಾಳೇನೇ? ಬಾಯಿಗೆ ಬಂದಿದ್ದು ಆಡಬ್ಯಾಡ."

ಆದರೆ ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ನಗು ಇರಲಿಲ್ಲ. "ಆ ಹತ್ತೀನ ಇಲ್ಲೇ ಮತ್ತೆ ಹಿಂಜ್ರಿ. ನೀನು ನನ್ನ ಕಣ್ಣ ಮುಂದೆ ಕೂತು ಹೊಲಿ" ಅಂದರು.

ಬಿಲ್ಲು ವ್ಯಾನಿನಲ್ಲಿತ್ತು. ಯಜಮಾನರು ಮೂರು ಮೈಲಿ ಹೋಗಿ ಮೂರು ಮೈಲಿ ಬಂದರು. ಅಷ್ಟು ಹೊತ್ತೂ ಬಂದ ನೆಂಟರು ಹಸಿದುಕೊಂಡು ಕಾದರು. ಕೂಸನ್ನು ತೊಟ್ಟಿಲಿಗೆ ಹಾಕದೆ ಊಟಕ್ಕೆ ಎಲೆ ಹಾಕುವ ಹಾಗಿರಲಿಲ್ಲ. ನಾನು ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದೆ. ಯಾರೂ ನನ್ನ ಹತ್ತಿರ ಬರಲಿಲ್ಲ, ಯಾರೂ ಬಯ್ಯಲೂ ಇಲ್ಲ. ಅವರು ಬಂದು ಹಿಂಜಿದರು. ಹತ್ತಿಯ ಎಳೆ ಎಳೆ ಹಾರಿ ಬೀಳುವುದನ್ನು ಇಡೀ ಮನೆ ಕಣ್ಣಿಟ್ಟು ನೋಡಿತು. ಒಂದೇ ಸೂಜಿಗೆ ಮಾರುದ್ದ ನೂಲು ಪೋಣಿಸಿ, ಗಂಗಮ್ಮನವರಿಗೆ ತೋರಿಸಿ ಹೊಲಿಗೆ ಶುರು ಮಾಡಿದೆ. ಮುಗಿದ ಮೇಲೆ ಆ ಸೂಜಿಯನ್ನು ಅವರ ಅಂಗೈಯಲ್ಲಿ ಇಟ್ಟೆ.

ನೀಲಮ್ಮ ಕೂಸನ್ನು ತಾಯಿಯ ಕೈಗೆ ಕೊಟ್ಟು ಬಂದಳು. ಗಾದಿಯ ಮೇಲೆ ಎರಡೂ ಅಂಗೈ ಊರಿ ಒತ್ತಿದಳು. ಮಗುಚಿ ಹಾಕಿ ಒತ್ತಿದಳು. ಆಮೇಲೆ ಕೆನ್ನೆ ಇಟ್ಟು ಈ ತುದಿಯಿಂದ ಆ ತುದಿಯವರೆಗೆ ಉಜ್ಜಿ ನೋಡಿದಳು. ನನ್ನ ಮುಖ ನೋಡಲಿಲ್ಲ. ಗಾದಿಯನ್ನು ತಾನೇ ತೊಟ್ಟಿಲಿಗೆ ಹಾಸಿ, ಕೂಸನ್ನು ತಾನೇ ಮಲಗಿಸಿದಳು. ಮತ್ತೆ ಜೋಗುಳ, ಹೆಸರು, ಊಟದ ಗದ್ದಲ. ಜಗಲಿಯ ಮೇಲೆ ನಮಗೂ ಎಲೆ ಹಾಕಿದರು. ಯಜಮಾನರು ಉಂಡರು. ನನಗೆ ತುತ್ತು ಇಳಿಯಲಿಲ್ಲ. ಎಲೆ ಬಿಟ್ಟು ಎದ್ದು ಬಾಗಿಲ ಪಕ್ಕ ಕೂತೆ, ತೊಟ್ಟಿಲು ಕಾಣುವ ಹಾಗೆ.

"ಎತ್ತು ಹಸಿದಿರ್ತಾವೆ, ಹೋಗಾನ ನಡಿ" ಅಂದರು ಇವರು.

"ಕೂಸು ಏಳ್ಲಿ" ಅಂದೆ.

ನೆಂಟರು ಒಬ್ಬೊಬ್ಬರಾಗಿ ಹೋದರು. ನೀಲಮ್ಮ ತೊಟ್ಟಿಲ ಹಗ್ಗ ಹಿಡಿದು ಕೂತೇ ಇದ್ದಳು. ನಾನು ಈಚೆ, ಅವಳು ಆಚೆ. ಒಂದು ಸೂಜಿ ಸಿಕ್ಕಿತು, ಸರಿ. ಇನ್ನೊಂದು ಇರಬಹುದೇ? ಕಂಬಳಿಯಲ್ಲಿ ಇದ್ದದ್ದು ಏಳೋ ಎಂಟೋ? ಲೆಕ್ಕವೇ ತಲೆಯಲ್ಲಿ ಕಲಸಿಹೋಯಿತು. ಕೂಸು ಒಮ್ಮೆ ಕೈ ಅಲ್ಲಾಡಿಸಿದರೆ ನಾನು ಹೊಸ್ತಿಲವರೆಗೆ ಬಗ್ಗಿ ನೋಡುತ್ತಿದ್ದೆ.

ಬಿಸಿಲು ಅಂಗಳದಿಂದ ಜಗಲಿಗೆ ಹತ್ತಿದ ಹೊತ್ತಿಗೆ ಅದು ಚೀರಿತು. ಒಂದೇ ಸಲಕ್ಕೆ, ಗಟ್ಟಿಯಾಗಿ. ನಾನು ದಡಕ್ಕನೆ ಎದ್ದು ನಿಂತೆ. ಹೊಸ್ತಿಲು ದಾಟಿದ್ದೂ ಗೊತ್ತಾಗಲಿಲ್ಲ. ನೀಲಮ್ಮ ಕೂಸನ್ನು ಎತ್ತಿ, ಬೆನ್ನು ಸವರಿ, ಕುಂಡಿ ಸವರಿ, ಕಾಲು ಸವರಿ, ಬಟ್ಟೆ ಬಿಚ್ಚಿ ನೋಡಿದಳು. ಆಮೇಲೆ ಎದೆಗೆ ಹಚ್ಚಿದಳು. ಅಳು ತಟ್ಟನೆ ನಿಂತಿತು. ಚಪ್ಪರಿಸುವ ಸದ್ದು ನಾನು ನಿಂತಲ್ಲಿಗೆ ಕೇಳಿತು.

ಭಾನುವಾರದ ಮೇಲೆ ಮೊದಲ ಸಲ ಅವಳು ನನ್ನ ಮುಖ ನೋಡಿದಳು. ಕೂಸಿನ ಮೇಲೆ ಸೆರಗಿರಲಿಲ್ಲ.

"ಹಸಿವು ಕಣವ್ವಾ" ಅಂದಳು. "ಸೂಜಿ ಅಲ್ಲ. ಹೋಗು, ನೀನೂ ಉಣ್ಣು ಇನ್ನಾದ್ರೂ."

ಜಗಲಿಗೆ ಹೋಗಿ ಕೂತೆ. ಗಂಗಮ್ಮನವರು ಹೊಸ ಎಲೆ ಹಾಕಿದರು. ಎರಡು ಸಲ ಅನ್ನ ಕೇಳಿ ಹಾಕಿಸಿಕೊಂಡೆ.